ಏಳು ಮೆಟ್ಟಿಲ ಮನೆಯನ್ನು ಬರೆದವಳು

ಬೆಳಿಗ್ಗೆಯಿಂದ ಮೈಥಿಲಿ ಒಂದೇ ಮೆಸೇಜನ್ನು ಏಳೆಂಟು ಸಲ ಓದಿದ್ದಳು. ‘ಹನ್ನೊಂದಕ್ಕೆ ಬಂದು ಹೋಗು. ಮಾತಾಡ್ಬೇಕು. ಫೋನಲ್ಲಿ ಬೇಡ.’ ವತ್ಸಲಕ್ಕ ಹೀಗೆ ಬರೆಯುವವರಲ್ಲ. ಅವರ ಮೆಸೇಜೆಂದರೆ ಮೊದಲು ಕೈಮುಗಿದ ಚಿತ್ರ, ಕೊನೆಗೆ ಎರಡು ಗುಲಾಬಿ, ನಡುವೆ ಹುಡುಕಿದರೆ ಎಲ್ಲೋ ವಿಷಯ. ಇದರಲ್ಲಿ ಗುಲಾಬಿ ಇರಲಿಲ್ಲ. ಗೊತ್ತಾಗಿದೆ ಎಂದುಕೊಂಡಳು ಮೈಥಿಲಿ. ಮಗಳು ಇಂಚರಾಳನ್ನು ಶಾಲೆಗೆ ಬಿಟ್ಟು, ಮನೆಗೆ ಹೋಗುವ ಧೈರ್ಯವಾಗದೆ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ, ಬೇಡದಿದ್ದರೂ ಕೊತ್ತಂಬರಿ, ಮೊಸರು, ಒಂದು ಡಜನ್ ಮೊಟ್ಟೆ ಚೀಲಕ್ಕೆ ಹಾಕಿಕೊಂಡಳು. ತಾನೇ ಬಿಲ್ಲು ಮಾಡಿಕೊಳ್ಳುವ ಯಂತ್ರದ ಮುಂದೆ ನಿಂತಾಗ ಕೆಂಪು ದೀಪ ಹತ್ತಿತು. ತಪಾಸಣೆ. ಹತ್ತರಲ್ಲೊಬ್ಬರಿಗೆ ಬರುವಂಥದ್ದು, ಅದಕ್ಕೇನೂ ಅರ್ಥವಿಲ್ಲ. ಡಚ್ಚರ ಈ ದೇಶಕ್ಕೆ ಬಂದ ಐದು ವರ್ಷದಲ್ಲಿ ಎಷ್ಟೋ ಸಲ ಹೀಗಾಗಿದೆ. ಆದರೂ ಆ ಹದಿನೆಂಟರ ಹುಡುಗಿ ನಗುನಗುತ್ತಾ ಚೀಲದಿಂದ ಮೊಸರಿನ ಡಬ್ಬಿಯನ್ನು ಎತ್ತಿ ನೋಡುವಾಗ ಮೈಥಿಲಿಯ ಕಿವಿ ಬಿಸಿಯಾಯಿತು, ಹಿಂದೆ ನಿಂತ ಮುದುಕ ತನ್ನನ್ನೇ ನೋಡುತ್ತಿದ್ದಾನೆಂದು ಬೆನ್ನು ಹೇಳಿತು. ಹುಡುಗಿ ‘ಎಲ್ಲ ಸರಿಯಿದೆ ಮೇಡಂ’ ಎಂದು ಡಚ್ಚಿನಲ್ಲಿ ಹೇಳಿದಳು. ಮೈಥಿಲಿ ಅವಳಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದಳು. ಯಾಕೆ ಹೇಳಿದೆನೆಂದು ಹೊರಗೆ ಬಂದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಫೋನಿನಲ್ಲಿ ಇನ್ನೊಂದು ಕಾಯುತ್ತಿತ್ತು, ಬೆಂಗಳೂರಿನಿಂದ ಕಿಶನ್ ಕಳಿಸಿದ ವಾಯ್ಸ್ ಮೆಸೇಜು. ಕನ್ನಡ ಧಾರಾವಾಹಿಯೊಂದರ ಸಂಚಿಕೆ ನಿರ್ದೇಶಕ ಆತ. ಯಾವಾಗಲೂ ಯಾರಿಗೋ ಬಸ್ಸು ತಪ್ಪುತ್ತಿದೆ ಎನ್ನುವ ಧ್ವನಿ. “ಮೇಡಂ, ಚಾನೆಲ್‌ನೋರು ಫೈನಲ್ ಮಾಡಿದ್ರು. ಶಾರ್ವರಿನ ಇಡೀ ಮನೆ ಮುಂದೆ ನಿಲ್ಸಿ ಉಗೀಬೇಕು, ಲಾಸ್ಟಲ್ಲಿ ಆಚೆ ಹಾಕ್ಬೇಕು. ಗಂಡನ ಡೈಲಾಗ್ ಸ್ಟ್ರಾಂಗ್ ಇರ್ಲಿ. ಮನೇಲಿ ಕೂತಿರೋ ಹೆಂಗಸ್ರು ಚಪ್ಪಾಳೆ ಹೊಡೀಬೇಕು. ನಾಲ್ಕೂವರೆಗೆ ಸೆಟ್ಟಲ್ಲಿ ಪೇಪರ್ ಇರ್ಬೇಕು ಮೇಡಂ, ಪ್ಲೀಸ್.” ಅಲ್ಲಿ ನಾಲ್ಕೂವರೆಯೆಂದರೆ ಇಲ್ಲಿ ಒಂದು ಗಂಟೆ. ಧಾರಾವಾಹಿಯ ಹಿರಿಸೊಸೆ ಶಾರ್ವರಿಯನ್ನು ಆಚೆ ಹಾಕುವ ಸೀನು ಮೈಥಿಲಿಗೆ ಅರ್ಧ ಗಂಟೆಯ ಕೆಲಸ. ಇಂಥ ಎಷ್ಟು ಜನರನ್ನು ಆ ಏಳು ಮೆಟ್ಟಿಲಿನಿಂದ ಇಳಿಸಿಲ್ಲ ಅವಳು. ಆದರೆ ಮೂರು ದಿನದಿಂದ ಆ ಒಂದು ಸೀನನ್ನು ತೆರೆದು ತೆರೆದು ಮುಚ್ಚುತ್ತಿದ್ದಳು; ಲ್ಯಾಪ್‌ಟಾಪು ಇವತ್ತೂ ಬೆನ್ನಚೀಲದಲ್ಲೇ ಇತ್ತು.

‘ಏಳು ಮೆಟ್ಟಿಲ ಮನೆ’ ಶುರುವಾದಾಗ ಮೈಥಿಲಿ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಳು. ಹನ್ನೊಂದು ವರ್ಷ, ಮೂರು ಸಾವಿರ ಚಿಲ್ಲರೆ ಸಂಚಿಕೆ. ಅತ್ತೆಯ ಪಾತ್ರ ಮಾಡಿದವರು ಇಬ್ಬರು ಬದಲಾದರು, ನಾಯಕ ಒಮ್ಮೆ ಸತ್ತು ಬೇರೆ ಮುಖ ಹೊತ್ತು ವಾಪಸ್ಸು ಬಂದ, ಯಾರೂ ಕೇಳಲಿಲ್ಲ. ರಾತ್ರಿ ಎಂಟಕ್ಕೆ ಯಾರ ಮನೆಗೂ ಹೋಗಬಾರದು ಎಂಬುದನ್ನು ಅವರ ಬೀದಿಯ ಜನ ಸಂಧ್ಯಾವಂದನೆಗಿಂತ ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಇಲ್ಲಿ ಅದೇ ಹೊತ್ತು ಬೇಸಿಗೆಯಲ್ಲಿ ನಾಲ್ಕೂವರೆ. ಲೈಡನ್ನಿನ ಲ್ಯಾಬಿನಲ್ಲಿ ಇಲಿಗಳಿಗೆ ಸೂಜಿ ಚುಚ್ಚುವ ಅನನ್ಯಾ ರೈಲಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡುತ್ತಾಳೆ. ಹೂಫ್‌ಡಾರ್ಪಿನ ಪದ್ಮಿನಿ ಆಫೀಸಿನ ಮೀಟಿಂಗಿಗೆ ಕ್ಯಾಮೆರಾ ಆಫ್ ಮಾಡಿ ನೋಡುತ್ತಾಳೆ. ಇಲ್ಲಿ ಹುಟ್ಟಿ ಅಪ್ಪ ಅಮ್ಮನಿಗೆ ಡಚ್ಚಿನಲ್ಲಿ ಎದುರುತ್ತರ ಕೊಡುವ ಮಕ್ಕಳು ಆ ಮನೆಯ ಸೊಸೆಯರ ಕನ್ನಡ ಆಡುತ್ತಾರೆ. ಇಂಚರಾ ಸ್ನಾನಕ್ಕೆ ಕರೆದರೆ ‘ನನ್ನ ತಾಳ್ಮೆಯನ್ನು ಪರೀಕ್ಷಿಸಬೇಡಿ’ ಎನ್ನುತ್ತಾಳೆ. ಅದನ್ನು ಬರೆದದ್ದು ಅಮ್ಮನೇ ಎಂದು ಆ ಮಗುವಿಗೂ ಗೊತ್ತಿಲ್ಲ. ಒಂದೂವರೆ ವರ್ಷದಿಂದ ಆ ಮನೆಯವರ ಬಾಯಲ್ಲಿ ಬರುವ ಮಾತೆಲ್ಲ ವೂರ್‌ಬರ್ಗಿನ ಈ ಎರಡು ಕೋಣೆಯ ಮನೆಯ ಊಟದ ಮೇಜಿನಿಂದಲೇ ಹೋಗುತ್ತದೆ. ಟೈಟಲ್ಲಿನಲ್ಲಿ ಬರುವ ಹೆಸರು ಬೇರೆಯವರದು; ಅವರಿಗೆ ಒಟ್ಟಿಗೆ ಮೂರು ಧಾರಾವಾಹಿ, ಬರೆಯಲು ಪುರುಸೊತ್ತಿಲ್ಲ. ಯಾರಿಗೂ ಹೇಳಕೂಡದೆಂಬುದು ಒಪ್ಪಂದ. ಗಂಡ ಮುರಳೀಧರನಿಗೆ ಮಾತ್ರ ಗೊತ್ತು. ಉಳಿದವರು ಕೇಳಿದರೆ ‘ಕಂಟೆಂಟ್ ರೈಟಿಂಗ್’ ಎನ್ನುತ್ತಾಳೆ, ಅವರು ‘ಓ’ ಎಂದು ಮಾತು ಬದಲಿಸುತ್ತಾರೆ. ಪಿಎಚ್‌ಡಿ ಮಾಡಿದವರ ಮಧ್ಯೆ ಆ ‘ಓ’ ಮೊದಮೊದಲು ಚುಚ್ಚುತ್ತಿತ್ತು. ಆಮೇಲೆ ಅದರಲ್ಲೊಂದು ಮಜಾ ಹತ್ತಿತು. ನೀವು ಕಣ್ಣೊರೆಸಿಕೊಂಡದ್ದು ನನ್ನಿಂದ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅವರಿಗೆ ಚಟ್ನಿ ಬಡಿಸುತ್ತಿದ್ದಳು.

ಸೈಕಲ್ಲು ಕಾಲುವೆಯ ಪಕ್ಕದ ದಾರಿಗೆ ತಿರುಗಿತು. ಎದುರುಗಾಳಿ. ಈ ದೇಶದಲ್ಲಿ ಗಾಳಿ ಯಾವಾಗಲೂ ಎದುರಿನಿಂದಲೇ, ಹೋಗುವಾಗಲೂ ಬರುವಾಗಲೂ, ಎಂದು ಮೊದಲ ವಾರವೇ ಹೇಳಿಕೊಟ್ಟವರು ವತ್ಸಲಕ್ಕ. ಇಪ್ಪತ್ತೆರಡು ವರ್ಷದಿಂದ ಇಲ್ಲಿರುವವರು, ಅರವತ್ತರ ಹತ್ತಿರ. ಇಂಚರಾ ಹುಟ್ಟಿದಾಗ ಮೈಥಿಲಿಯ ಅಮ್ಮನ ವೀಸಾ ತಡವಾಯಿತು; ಹನ್ನೆರಡು ದಿನ ಬಾಣಂತನ ಮಾಡಿದ್ದು, ಎಣ್ಣೆ ಹಚ್ಚಿ ನೀರೆರೆದದ್ದು ವತ್ಸಲಕ್ಕ. ಮಾರ್ಚಿನಲ್ಲಿ ಅವರ ಅಡುಗೆಮನೆಯಲ್ಲಿ ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಫ್ರೀಜರಿನಿಂದ ತೆಗೆದ ಕಾಳು, ಬೆರಳು ಮರಗಟ್ಟುತ್ತಿತ್ತು. ಕಾಳು ಒತ್ತಿದರೆ ಬೇಳೆ ಪಚಕ್ಕನೆ ಹಾರಿ ಪಾತ್ರೆಗೆ ಬೀಳುತ್ತಿತ್ತು, ಆ ಸದ್ದಿನ ನಡುವೆ, ತಲೆಯೆತ್ತದೆ, ವತ್ಸಲಕ್ಕ ತಮ್ಮ ತಾಯಿಯ ವಿಷಯ ಹೇಳಿದರು. ಆರು ವರ್ಷದ ಹಿಂದೆ ತಾಯಿ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ತೊಂಬತ್ತನೆಯ ದಿನ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ, ವೀಲ್‌ಚೇರಿಗೆ ಕಾಯುತ್ತಾ, ‘ಯಾಕೋ ಎದೆ ಹಿಡ್ಕೊಂಡ ಹಾಗಿದೆ ಕಣೆ’ ಅಂದರಂತೆ. ಹೇಳಿದರೆ ಹತ್ತಿಸಿಕೊಳ್ಳುವುದಿಲ್ಲ. ನಾಳೆಯಾದರೆ ವೀಸಾ ಮುಗಿದಿರುತ್ತದೆ, ಇನ್ಶೂರೆನ್ಸೂ ಮುಗಿದಿರುತ್ತದೆ. “ಗ್ಯಾಸು ಇರ್ಬೇಕು ಅಂದೆ. ಅವ್ರೇನಾದ್ರೂ ಕೇಳಿದ್ರೆ ಚೆನ್ನಾಗಿದೀನಿ ಅನ್ನಮ್ಮ ಅಂದೆ. ವೀಲ್‌ಚೇರ್ ತಳ್ಳೋ ಹುಡುಗ ಕೇಳ್ದ ಕಣೇ. ಅಮ್ಮ ನನ್ ಮುಖ ನೋಡಿ, ಫೈನ್, ಫೈನ್ ಅಂದ್ಳು. ಅವಳಿಗೆ ಬರ್ತಿದ್ದ ಇಂಗ್ಲಿಷು ಅಷ್ಟೇ.” ಮೈಸೂರು ಮುಟ್ಟಿದ ಮೂರನೆಯ ಬೆಳಿಗ್ಗೆ ತಾಯಿ ಏಳಲೇ ಇಲ್ಲ. ಯಜಮಾನರಿಗೂ ಹೇಳಿಲ್ಲ, ತಮ್ಮನಿಗೂ ಹೇಳಿಲ್ಲ, ಎಂದು ಬೇಳೆಯ ಪಾತ್ರೆಯನ್ನು ಒಮ್ಮೆ ಅಲುಗಿಸಿ ಸಮ ಮಾಡಿದರು.

ಮೈಥಿಲಿ ಅತ್ತಿದ್ದಳು. ಅದು ಸುಳ್ಳಲ್ಲ. ಅವರ ತಣ್ಣನೆಯ ಕೈಯನ್ನು ಹಿಡಿದುಕೊಂಡಿದ್ದಳು, ಅದೂ ಸುಳ್ಳಲ್ಲ. ಆದರೆ ಆ ಕೈ ಹಿಡಿದುಕೊಂಡಿದ್ದಾಗಲೇ, ಬೇಡವೆಂದರೂ, ತಲೆಯೊಳಗೆ ಯಾರೋ ‘ಅನ್ನಮ್ಮ ಅಲ್ಲ, ಅನ್ನಿ ಅತ್ತೆ’ ಎಂದು ತಿದ್ದಿದರು. ಮಾರನೆಯ ಗುರುವಾರ ಕಿಶನ್ ವಾರದ ಕೊನೆಗೊಂದು ಹೊಡೆತ ಬೇಕು ಎಂದು ಪೀಡಿಸುತ್ತಿದ್ದ. ಹಿರಿಸೊಸೆ ಶಾರ್ವರಿ ನಾದಿನಿಯ ಮದುವೆ ನಿಲ್ಲಬಾರದೆಂದು, ಎದೆ ನೋಯುತ್ತಿದೆ ಎಂದ ಅತ್ತೆಯನ್ನು ಬಸ್ಸು ಹತ್ತಿಸುತ್ತಾಳೆ. ‘ಯಾರಾದ್ರೂ ಕೇಳಿದ್ರೆ ಚೆನ್ನಾಗಿದೀನಿ ಅನ್ನಿ ಅತ್ತೆ.’ ಅತ್ತೆ ಜೀವಂತ ಮರಳುವುದಿಲ್ಲ. ಸಂಜೆಯೊಳಗೆ ಬದಲಾಯಿಸಿಬಿಡೋಣ, ಈಗ ಸುಮ್ಮನೆ ಜಾಗ ತುಂಬಲು ಒಂದು ಎಂದುಕೊಂಡು ಕಳಿಸಿದಳು. ಬದಲಾಯಿಸಲಿಲ್ಲ. ಮರೆತೆನೆಂದು ಹೇಳಿಕೊಳ್ಳಬಹುದಿತ್ತು, ಹಲವು ದಿನ ಹೇಳಿಕೊಂಡಳು ಕೂಡ. ನಿಜವೇನೆಂದರೆ ಕಿಶನ್ ‘ಮೇಡಂ, ಸೆಟ್ಟಲ್ಲಿ ಲೈಟ್‌ಬಾಯ್ ಅತ್ಬಿಟ್ಟ’ ಎಂದಾಗ ಅವಳಿಗೆ ಸಂತೋಷವಾಗಿತ್ತು.

ಆ ಮಾತು ನಾಡೆಲ್ಲ ಹರಡಿತು. ಆಟೋದ ಹಿಂದೆ ಬರೆಸಿಕೊಂಡ ಫೋಟೋ ಯಾರೋ ಕಳಿಸಿದರು, ಯಾವುದೋ ಮಾತ್ರೆಯ ಅಂಗಡಿ ಬೋರ್ಡು ಹಾಕಿತಂತೆ. ಇಲ್ಲಿಯ ಕನ್ನಡದ ಹೆಂಗಸರ ಗ್ರೂಪಿನಲ್ಲಿ ಸ್ಟಿಕ್ಕರಾಯಿತು. ಹೇಗಿದೀಯೇ ಎಂದರೆ ಶಾರ್ವರಿಯ ಮುಖ, ಕೆಳಗೆ ಆ ಸಾಲು. ಹೋದ ತಿಂಗಳು ಯುಗಾದಿಗೆ ಎಲ್ಲರೂ ಬಾಡಿಗೆಯ ಸಭಾಂಗಣದಲ್ಲಿ ಸೇರಿದ್ದಾಗ ಬೇರೆ ಮಾತೇ ಇರಲಿಲ್ಲ. ಪದ್ಮಿನಿ ಒಬ್ಬಟ್ಟು ಮುರಿಯುತ್ತಾ, “ಅಂಥವಳು ಹೆಣ್ಣಾ? ರಾಕ್ಷಸಿ. ಅವಳ ಕೈಕಾಲಿಗೆ ಲಕ್ವ ಹೊಡೀಬೇಕು ನೋಡು, ಆಗ ನಂಗೆ ಸಮಾಧಾನ,” ಎಂದಳು. ಅನನ್ಯಾ, “ಛೇ, ಯಾರಾದ್ರೂ ಹಾಗ್ ಮಾಡ್ತಾರಾ? ರೈಟರ್ಸು ಸ್ವಲ್ಪ ಓವರ್,” ಎಂದಳು. ಮಕ್ಕಳು ಆ ಸೀನನ್ನೇ ಆಡಿ ತೋರಿಸಿದರು. ಇಂಚರಾ ಶಾರ್ವರಿಯಾಗಿದ್ದಳು, ಡಚ್ಚಿನ ‘ರ’ಕಾರ ಹಾಕಿ ಆ ಮಾತು ಹೇಳಿದಾಗ ಇಡೀ ಸಭಾಂಗಣವೇ ನಕ್ಕಿತು. ಮೈಥಿಲಿಯೂ ನಕ್ಕಳು. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ವತ್ಸಲಕ್ಕ ಬಿಸಿಬೇಳೆಬಾತಿನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದರು. ಯಾರೋ ತಟ್ಟೆ ಚಾಚಿದರು, ಬಡಿಸಿದರು. ಇನ್ನೊಬ್ಬರು ಚಾಚಿದರು, ಬಡಿಸಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಕಾಣಲಿಲ್ಲವೆಂದೇ ಮೈಥಿಲಿ ಅಂದಿನಿಂದ ಅವರ ಮನೆಗೆ ಹೋಗಿರಲಿಲ್ಲ. ಇಂಚರಾಗೆ ನೆಗಡಿ, ಮುರಳಿಗೆ ಕೆಲಸ, ತನಗೆ ತಲೆನೋವು ಎಂದು ವಾರಕ್ಕೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು.

ಮೂರನೆಯ ಮಹಡಿ. ಬಾಗಿಲು ಅರ್ಧ ತೆರೆದಿತ್ತು. ಬಯ್ಯಲಿ, ಎಂದುಕೊಂಡು ಒಳಗೆ ಕಾಲಿಟ್ಟಳು. ಚೆನ್ನಾಗಿ ಬಯ್ದು, ಇನ್ನು ಈ ಮನೆಗೆ ಬರಬೇಡ ಅಂದುಬಿಟ್ಟರೆ ಇವತ್ತು ರಾತ್ರಿ ನಿದ್ದೆಯಾದರೂ ಬಂದೀತು. ದಾರಿಯುದ್ದಕ್ಕೂ ಅವರ ಬೈಗುಳವನ್ನು ತಾನೇ ಬರೆದುಕೊಂಡು ಬಂದಿದ್ದಳು, ಕಸುಬು ಬಿಡುತ್ತದೆಯೇ.

“ಬಾರೇ. ಬಾಗಿಲು ಎಳ್ಕೊ, ಗಾಳಿ,” ಎಂದರು ವತ್ಸಲಕ್ಕ ಅಡುಗೆಮನೆಯಿಂದ. “ಇವ್ರು ಫಿಸಿಯೋಗೆ ಹೋಗಿದಾರೆ. ಅದಕ್ಕೇ ಈಗ ಕರ್ದೆ.” ಕಾಫಿ ತಂದಿಟ್ಟರು. ಸೆರಗಿನಂತೆ ಹೊದ್ದ ಶಾಲಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಕೂತರು. ಮುಖ ಸಿಟ್ಟಿನದಾಗಿರಲಿಲ್ಲ. ಏನೋ ಬೇಡಲು ಬಂದವರ ಮುಖದಂತಿತ್ತು, ಮೈಥಿಲಿಗೆ ಅದನ್ನು ಕಂಡು ಇನ್ನೂ ಭಯವಾಯಿತು.

“ಏಳು ಮೆಟ್ಲು ನೋಡ್ತಿದೀಯಾ?”

“ಹೂಂ... ಆಗಾಗ.”

“ನಾನು ದಿನಾ ನೋಡ್ತೀನಿ. ಒಂದ್ಸಲ ಅಲ್ಲ, ಎರಡ್ಸಲ. ಇವ್ರು ಮಲಗಿದ್ಮೇಲೆ ಇನ್ನೊಂದ್ಸಲ.” ಕಾಫಿಯ ಲೋಟವನ್ನು ಅವಳತ್ತ ಸರಿಸಿ, “ಮೊದಲ್ನೇ ದಿನ ಆ ಮಾತು ಕೇಳಿ ನಂಗೆ ಉಸಿರು ನಿಂತಂಗಾಯ್ತು. ನಿಂಗೆ ಹೇಳಿದ್ನಲ್ಲ ಮಾರ್ಚಲ್ಲಿ, ಅದೇ ಮಾತು. ಅದೇ!” ಎಂದರು.

ಮೈಥಿಲಿ ಕಾಫಿಯ ಲೋಟವನ್ನು ಎತ್ತಿದವಳು ಹಾಗೇ ಇಟ್ಟಳು. ಈಗ ಹೇಳುತ್ತಾರೆ.

“ಆಮೇಲೆ ಯೋಚ್ನೆ ಮಾಡ್ದೆ. ಇದು ಸುಮ್ನೆ ಕೂತು ಹುಟ್ಟಿಸೋ ಮಾತಲ್ಲ ಮೈಥಿಲಿ. ಮಾಡಿದೋರಿಗೆ ಮಾತ್ರ ಗೊತ್ತಿರತ್ತೆ. ಇದನ್ನ ಬರೆದಿರೋಳು ಯಾರೋ ಒಬ್ಳು ನನ್ ಥರಾನೇ ಮಾಡಿದಾಳೆ.” ಅವರ ಕಣ್ಣು ಹೊಳೆಯುತ್ತಿತ್ತು. “ಹೆಸರು ಗಂಡಸಿಂದು ಹಾಕ್ತಾರೆ, ಆದ್ರೆ ಬರೆದಿರೋಳು ಹೆಂಗಸೇ, ನಂಗೊತ್ತು. ಆರು ವರ್ಷ ಕಣೇ, ಇಡೀ ಪ್ರಪಂಚದಲ್ಲಿ ಇಂಥ ಕೆಲಸ ಮಾಡಿದೋಳು ನಾನೊಬ್ಳೇ ಅಂದ್ಕೊಂಡಿದ್ದೆ. ಈಗ ದೇವರ ಮುಂದೆ ನಿಂತ್ರೆ ಇಬ್ರು ನಿಂತಿದೀವಿ ಅನ್ಸತ್ತೆ. ಅವತ್ತು ಯುಗಾದೀಲಿ ಪದ್ಮಿನಿ ಎಲ್ಲ ಬಯ್ತಿದ್ರಲ್ಲ, ನಂಗೇನೂ ಅನ್ನಿಸ್ಲಿಲ್ಲ. ಬಯ್ಲಿ ಬಿಡು, ನಾವಿಬ್ರೂ ಕೇಳಿಸ್ಕೊಳ್ಳೋಣ ಅಂದ್ಕೊಂಡು ಬಡಿಸ್ತಾ ಇದ್ದೆ.”

ಅವರು ಎದ್ದು ದೇವರ ಗೂಡಿನ ಕೆಳಗಿಂದ ನಾಲ್ಕು ಹಾಳೆ ತಂದರು. ಗೆರೆ ಹಾಕಿದ ಹಾಳೆ, ದುಂಡಗಿನ ಅಕ್ಷರ, ಅಲ್ಲಲ್ಲಿ ಹೊಡೆದುಹಾಕಿ ತಿದ್ದಿದ್ದು. ‘ಪ್ರಿಯ ಸೋದರಿ, ನೀವು ಯಾರೆಂದು ನನಗೆ ತಿಳಿಯದು’ ಎಂದು ಶುರುವಾಗಿತ್ತು. ಓದು ಎಂದರು. ಮೈಥಿಲಿ ಓದಿದಳು, ಓದಲೇಬೇಕಾಯಿತು. ನಿಮ್ಮ ತಾಯಿ ಯಾವಾಗ ತೀರಿಕೊಂಡರು? ತಿಥಿಯ ದಿನ ಎಡೆ ಇಡುವಾಗ ನೀವೂ ಬೇರೆ ಕಡೆ ನೋಡುತ್ತೀರಾ? ಚೆನ್ನಾಗಿದ್ದೀರಾ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಶಾರ್ವರಿಯನ್ನು ಮನೆಯಿಂದ ಹೊರಗೆ ಹಾಕಬೇಡಿ. ಹಾಕದೆ ಇದ್ದರೆ ಅವಳಿಗೆ ಮಾಫಿಯೆಂದು ನಾನು ತಿಳಿಯುವುದಿಲ್ಲ, ಆದರೆ ಅವಳು ಅದೇ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರಲಿ.

“ನೀನು ಅದೇನೋ ಬರೆಯೋ ಕೆಲ್ಸ ಮಾಡ್ತೀಯಲ್ಲ, ನಿಂಗೆ ಇಂಥವ್ರ ವಿಳಾಸ ಸಿಗತ್ತೆ,” ಎಂದರು ವತ್ಸಲಕ್ಕ. “ಹೇಗಾದ್ರೂ ತಲುಪಿಸ್ಬಿಡು. ಉತ್ತರ ಬೇಡ. ಓದಿದಾಳೆ ಅಂತ ಗೊತ್ತಾದ್ರೆ ಸಾಕು.”

ತಲುಪಿಸುತ್ತೇನೆ ಎನ್ನುವುದು ಎಷ್ಟು ಸುಲಭವಿತ್ತು. ಎರಡು ವಾರ ಬಿಟ್ಟು, ಓದಿದರಂತೆ ವತ್ಸಲಕ್ಕ, ಅತ್ತರಂತೆ, ಎನ್ನಬಹುದಿತ್ತು. ಇಂಥ ಸೀನನ್ನು ಅವಳು ಕಣ್ಣು ಮುಚ್ಚಿ ಬರೆದಾಳು. ಆದರೆ ಹಾಳೆಗಳು ಕೈಯಲ್ಲಿ ಬಿಸಿಯಾದಂತಿದ್ದವು, ಎರಡು ತಿಂಗಳಿನಿಂದ ಮುಚ್ಚಿಟ್ಟದ್ದನ್ನು ಇನ್ನು ಒಂದು ನಿಮಿಷವೂ ಇಟ್ಟುಕೊಳ್ಳಲಾರದಾಗಿದ್ದಳು. ನಿಜ ಹೇಳಬೇಕು, ಇವರಿಗೆ ಅಷ್ಟಾದರೂ ಋಣ ತೀರಿಸಬೇಕು ಎಂದು ಅವಳು ಆಗ ಅಂದುಕೊಂಡದ್ದು ಹೌದು. ತಾನು ಹಗುರಾಗಲಿ ಎಂದೇ ಹೇಳಿದೆ ಎಂಬುದು ಹೇಳಿ ಮುಗಿದ ಮೇಲೆ ತಿಳಿಯಿತು.

“ನಾನೇ ವತ್ಸಲಕ್ಕ. ನಾನೇ ಬರೆದಿದ್ದು. ಒಂದೂವರೆ ವರ್ಷದಿಂದ ನಾನೇ ಬರೀತಿದೀನಿ. ನೀವು ಹೇಳಿದ್ದನ್ನ... ನಾನು ಹಾಗೇ ಎತ್ಕೊಂಡು ಬರ್ದೆ.”

ವತ್ಸಲಕ್ಕ ಅವಳನ್ನು ನೋಡಿದರು. ಸಿಟ್ಟು ಬರಲಿ ಎಂದು ಮೈಥಿಲಿ ಕಾದಳು.

“ನಿಮ್ಮಮ್ಮ ಮೈಸೂರಲ್ಲಿದಾರಲ್ವಾ?” ಎಂದು ಕೇಳಿದರು ಕೊನೆಗೆ.

“ಹೂಂ.”

“ಆರೋಗ್ಯವಾಗಿದಾರೆ.”

“ಹೂಂ, ವತ್ಸಲಕ್ಕ.”

“ಅಂದ್ರೆ ನಿಂಗೆ ಅಂಥದ್ದೇನೂ ಆಗಿಲ್ಲ.” ಅವರು ಹಾಳೆಗಳನ್ನು ಮೆಲ್ಲಗೆ ವಾಪಸ್ಸು ತೆಗೆದುಕೊಂಡು ಅಂಚು ಸಮ ಮಾಡಿದರು. “ಅಂದ್ರೆ ಆ ಇನ್ನೊಬ್ಳು ಇಲ್ಲ.”

ಕಾಲು ಹಿಡಿದುಕೊಳ್ಳಬೇಕೆನಿಸಿತು ಮೈಥಿಲಿಗೆ. ಇಲ್ಲ, ಇನ್ನೂ ಎಷ್ಟೋ ಜನ ಚಾನೆಲ್ಲಿಗೆ ಬರೆದಿದ್ದಾರೆ, ನಮಗೂ ಹೀಗಾಗಿದೆ ಅಂತ ಹೇಳಿದ್ದಾರೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂತು; ಅದನ್ನು ನಂಬುವ ಮುಖ ಎದುರಿಗೆ ಇರಲಿಲ್ಲ. ಕ್ಷಮಿಸಿ ಎಂದಳು. ಆ ಮಾತನ್ನು ವಾರಕ್ಕೆ ನಾಲ್ಕು ಸಲ ಯಾರದೋ ಬಾಯಲ್ಲಿ ಬರೆಸಿ ಬರೆಸಿ ಅದರಲ್ಲಿ ಏನೂ ಉಳಿದಿರಲಿಲ್ಲ. ಅವಳ ಚೀಲದೊಳಗೆ ಫೋನು ಹೊಡೆದುಕೊಂಡಿತು. ಹೊಡೆದುಕೊಳ್ಳುತ್ತಲೇ ಇತ್ತು.

“ಯಾರು? ಅವ್ರಾ?”

“ಹೂಂ. ಇವತ್ತಿನ ಸೀನು ಕೇಳ್ತಿದಾರೆ. ಶಾರ್ವರಿನ ಆಚೆ ಹಾಕೋದು. ನಾನು ಬರೆಯಲ್ಲ ವತ್ಸಲಕ್ಕ. ಬಿಟ್ಬಿಡ್ತೀನಿ, ಬೇರೆ ಯಾರಾದ್ರೂ ಬರ್ಕೊಳ್ಳಲಿ.”

“ಬೇರೆಯವ್ರು ಯಾಕೆ ಬರೀಬೇಕು?” ಎಂದರು ವತ್ಸಲಕ್ಕ. ಮೊದಲ ಸಲ ಧ್ವನಿ ಗಟ್ಟಿಯಾಗಿತ್ತು. “ಎಷ್ಟು ಹೊತ್ತಿದೆ?”

“ಒಂದು ಗಂಟೆಗೆ ಕಳಿಸ್ಬೇಕು.”

“ಲ್ಯಾಪ್‌ಟಾಪ್ ತಂದಿದೀಯಾ? ತೆಗಿ. ಇಲ್ಲೇ ಕೂತು ಬರಿ. ನಾನು ಹೇಳ್ತೀನಿ.”

ಬೇಡ ಎನ್ನಬೇಕಿತ್ತು. ಎದ್ದು ಹೋಗಬೇಕಿತ್ತು. ಮೈಥಿಲಿ ಮೇಜಿನ ಮೇಲಿನ ಲೋಟಗಳನ್ನು ಸರಿಸಿ ಲ್ಯಾಪ್‌ಟಾಪ್ ತೆರೆದಳು. ವತ್ಸಲಕ್ಕ ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. ಯುಗಾದಿಗೆ ಮುಂಚೆ ಇಂಚರಾಳಿಗೆ ಕನ್ನಡ ಅಕ್ಷರ ಕಲಿಸಲು ಅವರು ಹೀಗೇ ಕೂರುತ್ತಿದ್ದರು.

“ಮೊದ್ಲು ಗಂಡ. ಅವನು ಕೂಗೋದು ಬೇಡ. ಅವ್ನಂತಾನೆ, ನಂಗೊಂದು ಮಾತು ಹೇಳಿದ್ದಿದ್ರೆ ಹೋಗೋದೇ ಬೇಡ ಅಂತಿದ್ದೆ, ಮದುವೆ ನಿಂತ್ರೆ ನಿಲ್ತಿತ್ತು. ನಿಂಗೆ ನಾನು ಅಷ್ಟೂ ಹೊರಗಿನವ್ನಾ? ಬರ್ಕೊಂಡ್ಯಾ?”

“ಹೂಂ.”

“ಆಮೇಲೆ ತಮ್ಮ. ಅವನೇನೂ ಅನ್ನಲ್ಲ. ಅವಳ ಕಡೆ ನೋಡಲ್ಲ, ಅಷ್ಟೇ. ಒಳಗೆ ಹೋಗ್ತಾನೆ.” ಕಿಟಕಿಯ ಹೊರಗೆ ಟ್ರಾಮು ಗಂಟೆ ಬಾರಿಸಿತು, ಅವರು ಅದು ಹೋಗುವವರೆಗೆ ಕಾದರು. “ಆಮೇಲೆ ಶಾರ್ವರಿ ಮಾತಾಡ್ಬೇಕು. ಎಲ್ಲರ ಮುಂದೆ. ಅವಳು ಯಾರಿಗೂ ಹೇಳದೆ ಇಟ್ಕೊಂಡಿರೋದು ಇನ್ನೊಂದಿದೆ. ನಿಂಗೂ ಹೇಳಿಲ್ಲ ನಾನು. ಬಸ್ಸು ಹೋಯ್ತು. ಆಗ ಅವಳಿಗೆ ಅಳು ಬರ್ಲಿಲ್ಲ. ಹಗುರ ಆಯ್ತು. ಮೂರು ತಿಂಗಳಿಂದ ಮನೇಲಿ ತನಗೇ ಅಂತ ಒಂದು ಗಂಟೆ ಇರ್ಲಿಲ್ಲ ಅವಳಿಗೆ. ಅಲ್ಲೇ ಪಕ್ಕದ ತಿಂಡಿ ಅಂಗಡೀಲಿ ಕೂತು, ಒಬ್ಳೇ, ನಿಧಾನವಾಗಿ ತಿಂದ್ಳು. ಅಮ್ಮ ಇನ್ನೂ ಒಳಗೆ ವೀಲ್‌ಚೇರಲ್ಲಿ ಕೂತಿರ್ತಾಳೆ ಅಂತ ಗೊತ್ತಿತ್ತು. ಆದ್ರೂ ತಿಂದ್ಳು. ತುಂಬಾ ರುಚಿಯಾಗಿತ್ತು.”

ಅವರು ಅಳುತ್ತಿರಲಿಲ್ಲ. ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಪರದೆಯ ಮೇಲೆ ಒಂದೊಂದೇ ಮೂಡುತ್ತಿದ್ದ ಅಕ್ಷರಗಳನ್ನು ನೋಡುತ್ತಿದ್ದರು. ಮಾತು ಚೆನ್ನಾಗಿತ್ತು. ಕಿಶನ್ ಇದರಲ್ಲಿ ಒಂದಕ್ಷರ ತೆಗೆಯುವುದಿಲ್ಲ ಎಂದು ಮೈಥಿಲಿಗೆ ಗೊತ್ತಾಯಿತು. ಬೆರಳು ನಿಲ್ಲಲಿಲ್ಲ. ವೀಲ್‌ಚೇರು ತೆಗೆದು ಬಸ್ಸು ಎಂದು ಹಾಕಿದಳು, ಅಮ್ಮ ತೆಗೆದು ಅತ್ತೆ ಎಂದು ಹಾಕಿದಳು, ತಿಂದ್ಳು ಎಂಬುದರ ಹಿಂದೆ ಇನ್ನೊಂದು ಪದ ಬೇಕಿತ್ತು.

“ಏನು ತಿಂದ್ಳು ಅಂತ ಬರೀಲಿ?” ಎಂದು ಕೇಳಿದಳು.

“ಆಪಲ್ ಟಾರ್ಟು,” ಎಂದರು ವತ್ಸಲಕ್ಕ. “ಎರಡು. ನೀನು ಅಲ್ಲಿ ಏನು ಸಿಗತ್ತೋ ಅದನ್ನ ಹಾಕ್ಕೊ.”